ಬಿಸಿಲನ್ನು ಮನೆಯಾಚೆಗೇ ತಡೆಯೋಣ



ಯುಗಾದಿ ಕಳೆಯುತ್ತಿದ್ದಂತೆ ಕಲಬುರಗಿ, ರಾಯಚೂರು, ವಿಜಯಪುರದ ಕಡೆ ಜನರ ದಿನಚರಿಯೇ ಬದಲಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಬಿಸಿಲು 42, 43 ಡಿಗ್ರಿ ಮುಟ್ಟುವ ಊರುಗಳಲ್ಲಿ ಇದು ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿ. ಬಿಸಿಲಿನ ಜೊತೆ ಹಟಕ್ಕೆ ಬೀಳದೆ, ಅದರ ಹೊತ್ತು ನೋಡಿಕೊಂಡು ನಮ್ಮ ಹೊತ್ತನ್ನು ಹೊಂದಿಸಿಕೊಳ್ಳುವ ವಿವೇಕ ಇದರಲ್ಲಿದೆ. ಇದೇ ವಿವೇಕವನ್ನು ನಮ್ಮ ಮನೆಗಳ ವಿಷಯದಲ್ಲೂ ತೋರಿದರೆ, ಹೆಚ್ಚು ದುಡ್ಡು ಸುರಿಯದೆ ಬೇಸಿಗೆಯನ್ನು ಕಳೆಯಬಹುದು. ಇವತ್ತಿನ ಚಿಂತನ ಅದರ ಬಗ್ಗೆ.

ಸೆಕೆ ಶುರುವಾದ ಕೂಡಲೇ ನಮ್ಮ ಯೋಚನೆ ತಂಪನ್ನು ಎಲ್ಲಿಂದ ತರೋಣ ಎನ್ನುವ ಕಡೆಗೆ ಓಡುತ್ತದೆ. ಕೂಲರ್ ಕೊಳ್ಳೋಣವೇ, ಕಂತಿನಲ್ಲಿ ಎ.ಸಿ. ತರೋಣವೇ ಎಂದು ಲೆಕ್ಕ ಹಾಕುತ್ತೇವೆ. ಅದಕ್ಕೂ ಮೊದಲು ನೋಡಬೇಕಾದದ್ದು ಬೇರೆ ಇದೆ: ಈ ಕಾವು ನಮ್ಮ ಮನೆಯೊಳಗೆ ಬರುತ್ತಿರುವುದಾದರೂ ಎಲ್ಲಿಂದ?

ಬೇಸಿಗೆಯಲ್ಲಿ ಸೂರ್ಯ ನಡು ಮಧ್ಯಾಹ್ನ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ, ಕಲಬುರಗಿಯಲ್ಲಿ ಮೇ ಎರಡನೆಯ ವಾರದಲ್ಲಿ ನೇರ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗಿಬಿಡುವ ದಿನ ಬರುತ್ತದೆ. ಅಂದರೆ ಆ ದಿನಗಳಲ್ಲಿ ಬಿಸಿಲಿನ ದೊಡ್ಡ ಪಾಲು ಬೀಳುವುದು ಗೋಡೆಗಳ ಮೇಲಲ್ಲ, ಚಾವಣಿಯ ಮೇಲೆ. ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟ್ ಚಾವಣಿ ಹಗಲಿಡೀ ಈ ಕಾವನ್ನು ಕುಡಿಯುತ್ತದೆ. ಕುಡಿದದ್ದನ್ನು ನಿಧಾನವಾಗಿ ಕೆಳಗೆ ಬಿಡುತ್ತದೆ. ರಾತ್ರಿ ಹತ್ತು ಗಂಟೆಗೆ ಹೊರಗೆ ತಣ್ಣನೆ ಗಾಳಿ ಬೀಸುತ್ತಿದ್ದರೂ ಮೇಲಿನ ಮಹಡಿಯ ಕೋಣೆಯಲ್ಲಿ ನಿದ್ದೆ ಬಾರದಿರುವುದು ಇದರಿಂದಲೇ. ಆಗ ಪಡುವಣ ಗೋಡೆಗೆ ಒಳಗಿನಿಂದ ಅಂಗೈ ಇಟ್ಟು ನೋಡಿ. ಸಂಜೆ ಬಿದ್ದ ಬಿಸಿಲು ಅಲ್ಲಿ ಇನ್ನೂ ಬೆಚ್ಚಗೆ ಕೂತಿರುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಉತ್ತರ ಕರ್ನಾಟಕದ ಹಳೆಯ ಮಾಳಿಗೆ ಮನೆಗಳಲ್ಲಿ ಕಲ್ಲು, ಮಣ್ಣಿನ ಗೋಡೆ ಎರಡು ಅಡಿಗೂ ಹೆಚ್ಚು ದಪ್ಪ. ಜಂತಿಗಳ ಮೇಲೆ ಹಲಗೆ, ಅದರ ಮೇಲೆ ಹದವಾಗಿ ಬಡಿದು ಕೂರಿಸಿದ ಮಣ್ಣು. ಹಗಲಿನ ಕಾವು ಆ ಮಣ್ಣನ್ನು ದಾಟಿ ಕೆಳಗಿಳಿಯುವ ಹೊತ್ತಿಗೆ ಸೂರ್ಯ ಮುಳುಗಿರುತ್ತಿದ್ದ, ಮನೆಮಂದಿ ಹಾಸಿಗೆ ಹೊತ್ತು ಮಾಳಿಗೆ ಏರಿರುತ್ತಿದ್ದರು. ಕರಾವಳಿಯಲ್ಲಿ ಬೇರೆಯದೇ ಉಪಾಯ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮನೆಮನೆಗೆ ಬಂದ ಆ ಕೆಂಪು ಹೆಂಚಿನ ಮಾಡು, ಸಂದುಗಳಿಂದ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ. ಸೀಮೆಗೆ ತಕ್ಕ ಸೂರು. ಈಗ ಬೀದರಿನಿಂದ ಚಾಮರಾಜನಗರದವರೆಗೆ, ಬಳ್ಳಾರಿಯಿಂದ ಕಾರವಾರದವರೆಗೆ ನಾವೆಲ್ಲ ಒಂದೇ ತೆರನಾದ ಕಾಂಕ್ರೀಟಿನ ಮನೆ ಕಟ್ಟುತ್ತಿದ್ದೇವೆ. ಅದನ್ನು ಕೆಡವಿ ಮಣ್ಣಿನ ಮನೆಗೆ ಮರಳುವುದು ಆಗದ ಮಾತು. ಇರುವ ಮನೆಯ ಕಾವನ್ನೇ ಇಳಿಸುವ ದಾರಿಗಳನ್ನು ನೋಡಬೇಕು.

ಎಲ್ಲಕ್ಕಿಂತ ಅಗ್ಗದ ದಾರಿ ಸುಣ್ಣ. ಬಿಳಿ ಮೈ ಬಿಸಿಲಿನ ಬಹುಪಾಲನ್ನು ಆಕಾಶಕ್ಕೇ ಹಿಂತಿರುಗಿಸುತ್ತದೆ. ಮಾಸಿದ ಸಿಮೆಂಟಿನ ಮೈ ಬಹುಪಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಲಸ ಕಷ್ಟದ್ದಲ್ಲ. ಸುಟ್ಟ ಸುಣ್ಣದ ಹರಳನ್ನು ಹಿಂದಿನ ಸಂಜೆಯೇ ಡ್ರಮ್ಮಿನ ನೀರಿನಲ್ಲಿ ನೆನೆಹಾಕಬೇಕು. ಅದು ಕೊತಕೊತ ಕುದಿಯುತ್ತದೆ, ಹಾಗಾಗಿ ಮಕ್ಕಳನ್ನು ದೂರ ಇಡಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಮರುದಿನ ತೆಳುಬಟ್ಟೆಯಲ್ಲಿ ಸೋಸಿ, ಉದುರದಂತೆ ಒಂದಿಷ್ಟು ಅಂಟು ಬೆರೆಸಬೇಕು. ಬೆಳಿಗ್ಗೆ ಬಿಸಿಲೇರುವ ಮೊದಲೇ ತಾರಸಿಯ ಧೂಳು ಗುಡಿಸಿ, ನೀರು ಚಿಮುಕಿಸಿ, ಉದ್ದ ಕೋಲಿಗೆ ಕಟ್ಟಿದ ಬ್ರಷ್ಷಿನಿಂದ ಒಂದು ಕೈ ಬಳಿದು, ಅದು ಆರಿದ ಮೇಲೆ ಇನ್ನೊಂದು ಕೈ. ಮಳೆಗಾಲ ಕಳೆದರೆ ಅದು ತೊಳೆದುಹೋಗುತ್ತದೆ ನಿಜ. ಆದರೆ ಬೇಕಾಗಿರುವುದೂ ಬೇಸಿಗೆಗೇ ತಾನೆ? ಮಳೆನೀರು ಹಿಡಿಯುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟರಾಯಿತು.

ಇದನ್ನು ಸಣ್ಣ ಉಪಾಯ ಎಂದು ತಳ್ಳಿಹಾಕಬೇಡಿ. ಅಹಮದಾಬಾದ್ ನಗರ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಬಹಳ ಜೀವಗಳನ್ನು ಕಳೆದುಕೊಂಡಿತು. ಆ ಪಾಠದಿಂದ 2013ರಲ್ಲಿ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ರೂಪಿಸಿತು. ಮುಂದೆ 2017ರಲ್ಲಿ ಬಡವರ ಬಸ್ತಿಗಳ ಸೂರಿಗೆ ಸುಣ್ಣ ಬಳಿಯುವ ಕೆಲಸವನ್ನೂ ಕೈಗೆತ್ತಿಕೊಂಡಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗಾಗಿಯೇ ಪ್ರತ್ಯೇಕ ನೀತಿ ಜಾರಿಗೆ ತಂದಿತು. ಅಜ್ಜಿ ಹಬ್ಬಕ್ಕೆ ಗೋಡೆಗೆ ಬಳಿಯುತ್ತಿದ್ದ ಸುಣ್ಣ ಇವತ್ತು ಸರ್ಕಾರಗಳ ಕಡತಕ್ಕೆ ಏರಿದೆ.

ಚಾವಣಿಯ ನಂತರ ಕಿಟಕಿ. ಒಣ ಸೆಕೆಯ ಊರುಗಳಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ, ಸಂಜೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರು ಕಿಟಕಿಗಳನ್ನು ತೆರೆದು ರಾತ್ರಿಯಿಡೀ ಬಿಡಬೇಕು. ಗೋಡೆ, ನೆಲ ಎಲ್ಲ ರಾತ್ರಿ ತಣಿದರೆ ಮರುದಿನ ಮಧ್ಯಾಹ್ನದವರೆಗೂ ಆ ತಂಪು ಉಳಿಯುತ್ತದೆ. ಹಗಲಲ್ಲಿ ಗಾಳಿ ಬರಲೆಂದು ಎಲ್ಲ ತೆರೆದಿಟ್ಟರೆ ಒಳಗೆ ಬರುವುದು ಝಳ. ಮಂಗಳೂರು, ಉಡುಪಿ, ಕಾರವಾರದವರಿಗೆ ಈ ಮಾತು ಒಪ್ಪುವುದಿಲ್ಲ. ಅಲ್ಲಿ ಬೆವರು ಆರಲು ಹಗಲೂ ಗಾಳಿಯಾಡಬೇಕು.

ಬಿಸಿಲು ಬೀಳುವ ಕಿಟಕಿಗೆ ಮರೆ ಕಟ್ಟುವುದಾದರೆ ಹೊರಗೆ ಕಟ್ಟಿ. ಒಳಗೆ ಎಷ್ಟೇ ದಪ್ಪ ಪರದೆ ಬಿಟ್ಟರೂ ಬಿಸಿಲು ಅಷ್ಟರಲ್ಲಿ ಗಾಜು ದಾಟಿ ಒಳಗೆ ಬಂದಿರುತ್ತದೆ, ಬಂದ ಕಾವು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿದಿರಿನ ತಟ್ಟಿಯಾಗಲಿ, ಹಳೆಯ ಗೋಣಿಚೀಲವಾಗಲಿ, ಹೊರಗಿದ್ದರೆ ಅದರ ಕೆಲಸವೇ ಬೇರೆ. ಪಡುವಣ ಗೋಡೆಗೆ ಹೀರೆಯ, ಹಾಗಲದ ಬಳ್ಳಿ ಹಬ್ಬಿಸಿ ಚಪ್ಪರ ಕಟ್ಟಿದರೆ ನೆರಳೂ ಆಯಿತು, ಪಲ್ಯಕ್ಕೂ ಆಯಿತು. ಅಂಗಳದಲ್ಲಿ ಜಾಗವಿದ್ದವರು ಹೊಂಗೆಯನ್ನೋ ಬೇವನ್ನೋ ನೆಡಲಿ. ಹೊಂಗೆ ಯುಗಾದಿಯ ಸುಮಾರಿಗೆ ಹೊಸ ಚಿಗುರು ಹೊತ್ತು, ಬಿಸಿಲು ಜೋರಾಗುವ ಹೊತ್ತಿಗೆ ದಟ್ಟವಾಗಿ ನಿಲ್ಲುವ ಮರ.

ನೀರಿನ ಶಕ್ತಿಯೂ ದೊಡ್ಡದು. ಒಂದು ಲೀಟರ್ ನೀರು ಪೂರ್ತಿ ಆವಿಯಾಗುವಾಗ, ಒಂದು ಯೂನಿಟ್ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲಿನಷ್ಟು ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಣ್ಣಗಾಗುವುದು ಈ ಕಾರಣಕ್ಕೆ. ಕಿಟಕಿಗೆ ಇಳಿಬಿಟ್ಟ ಒದ್ದೆ ಗೋಣಿಯೂ ಅದೇ ಕೆಲಸ ಮಾಡುತ್ತದೆ. ಆದರೆ ಟ್ಯಾಂಕರಿಗೆ ಕಾದು ಕೂರುವ ಊರಿನಲ್ಲಿ ತಾರಸಿಯ ಮೇಲೆ ಬಿಂದಿಗೆಗಟ್ಟಲೆ ಒಳ್ಳೆಯ ನೀರು ಸುರಿಯುವುದನ್ನು ಮಿತವ್ಯಯ ಎನ್ನಲಾಗದು. ಗೋಣಿ ನೆನೆಸಲು ತರಕಾರಿ ತೊಳೆದ ನೀರು ಸಾಕು.

ಇಷ್ಟು ಮಾಡಿದ ಮೇಲೆ ಫ್ಯಾನು, ಎ.ಸಿ.ಗಳ ಸರದಿ. ಫ್ಯಾನು ಕೋಣೆಯನ್ನು ತಣಿಸುವುದಿಲ್ಲ, ಅದರ ಕೆಳಗೆ ಕೂತವರ ಬೆವರನ್ನು ಆರಿಸುತ್ತದೆ. ಆದ್ದರಿಂದ ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನಿನಿಂದ ಲಾಭವೇನೂ ಇಲ್ಲ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಈಗಿನ ಬಿ.ಎಲ್.ಡಿ.ಸಿ. ಫ್ಯಾನಿಗೆ 30 ವ್ಯಾಟಿನ ಆಸುಪಾಸು ಸಾಕು. ಬಿಸಿಲು 40 ಡಿಗ್ರಿ ದಾಟಿದಾಗ ಮಾತ್ರ ಬರಿಯ ಫ್ಯಾನನ್ನು ನಂಬಬೇಡಿ. ಆ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ವಯಸ್ಸಾದವರಿಗೆ, ಕೂಸುಗಳಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿರಬೇಕು. ಎ.ಸಿ. ಬೇಕೇಬೇಕಾದವರು, ಅಂದರೆ ಮನೆಯಲ್ಲಿ ಕಾಯಿಲೆಯವರಿದ್ದರೆ, ಖಂಡಿತ ಹಾಕಿಕೊಳ್ಳಲಿ. 24 ಡಿಗ್ರಿಗೆ ಇಟ್ಟು, ಜೊತೆಗೆ ಫ್ಯಾನನ್ನು ನಿಧಾನಕ್ಕೆ ತಿರುಗಲು ಬಿಡಲಿ. ಒಂದೊಂದು ಡಿಗ್ರಿ ಏರಿಸಿದಂತೆ ಹತ್ತಿರಹತ್ತಿರ ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ. ಇನ್ನೊಂದು ಮಾತನ್ನೂ ನೆನಪಿಡಬೇಕು. ಎ.ಸಿ. ಕಾವನ್ನು ನಾಶಮಾಡುವುದಿಲ್ಲ, ನಮ್ಮ ಕೋಣೆಯಿಂದ ತೆಗೆದು ಓಣಿಗೆ ಹಾಕುತ್ತದೆ. ಇಕ್ಕಟ್ಟಿನ ಬೀದಿಯಲ್ಲಿ ಒಬ್ಬರ ತಂಪು ಇನ್ನೊಬ್ಬರಿಗೆ ಸೆಕೆ.

ಸುಣ್ಣದ ಚಾವಣಿ, ಬಳ್ಳಿಯ ನೆರಳು, ಹೊತ್ತಿಗೆ ಮುಚ್ಚಿದ ಕಿಟಕಿ, ಇವು ಯಾರಿಗೂ ಕಾವು ದಾಟಿಸುವುದಿಲ್ಲ. ನಮಗೆ ದೊರೆತ ತಂಪಿನ ಬೆಲೆಯನ್ನು ಪಕ್ಕದ ಮನೆಯವರು ತೆರಬೇಕಾಗಿಲ್ಲ. ಮಿತವ್ಯಯ ಎಂದರೆ ಬರೀ ಕೈ ಬಿಗಿಹಿಡಿಯುವುದು ಎಂದುಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ನೆರೆಹೊರೆಯ ಬಗ್ಗೆ ಇರುವ ಕಾಳಜಿಯೂ ಹೌದು.

ಆ ಕಾಳಜಿ ಮೊದಲು ಹೋಗಬೇಕಾದದ್ದು ತಗಡಿನ ಸೂರಿನ ಕೆಳಗೆ ಬದುಕುವವರ ಕಡೆಗೆ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದು ಬಂದವರಿಗೆ ಮಧ್ಯಾಹ್ನ ಹೊಕ್ಕು ಕೂರಲು ಒಂದು ತಣ್ಣನೆಯ ಮೂಲೆ ಅಲ್ಲಿಲ್ಲ. ಹಾಗೆಯೇ ಮೇಲಿನ ಮಹಡಿಯ ಬಾಡಿಗೆಯವರು. ತಾರಸಿ ಮಾಲೀಕರದು, ಅದರ ಕಾವು ಮಾತ್ರ ಬಾಡಿಗೆಯವರದು. ಸುಣ್ಣ ಬಳಿಯೋಣವೆಂದರೆ ಮೇಲೆ ಹತ್ತಲು ಅವರಿಗೆ ಎಷ್ಟೋ ಕಡೆ ಅನುಮತಿಯೇ ಇರುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಮನೆ ಬಾಡಿಗೆಗೆ ಕೊಟ್ಟವರು ಈ ವಾರವೇ ತಾರಸಿಗೆ ಎರಡು ಕೈ ಸುಣ್ಣ ಹೊಡೆಸಿಕೊಡಿ. ಯುವಕ ಸಂಘದವರು, ಮಹಿಳಾ ಸಂಘದವರು, ಒಂದು ಭಾನುವಾರ ಬೆಳಿಗ್ಗೆ ಊರಿನ ತಗಡಿನ ಮನೆಗಳ ಸೂರಿಗೆ ಬಿಳಿ ಬಳಿಯಲು ಕೈಜೋಡಿಸಿ. ನಿಮ್ಮ ಮನೆಯ ಡ್ರಮ್ಮಿನಲ್ಲಿ ಸುಣ್ಣ ಮಿಕ್ಕಿದ್ದರೆ ಅದನ್ನು ಚೆಲ್ಲದೆ ಪಕ್ಕದ ಮನೆಯವರಿಗೆ ಕೊಡಿ.