ಐದನೇ ಎಲೆ ಯಾವುದು?

ಇವತ್ತಿನ ಎಪಿಸೋಡ್‌ಗೆ ಒಂದು ಇಸ್ಪೀಟ್ ಪ್ಯಾಕ್, ಜೊತೆಗೊಬ್ಬ ಗೆಳೆಯನೋ ಗೆಳತಿಯೋ ಇದ್ರೆ ಸಾಕು.

ಆಟ ಹೀಗಿದೆ. ಪ್ರೇಕ್ಷಕರೊಬ್ಬರು 52 ಎಲೆಗಳಲ್ಲಿ ತಮಗಿಷ್ಟವಾದ ಐದನ್ನು ತೆಗೆದು ನಿಮ್ಮ ಜೊತೆಗಾರನಿಗೆ ಕೊಡ್ತಾರೆ. ಅವನು ಒಂದನ್ನು ಬಚ್ಚಿಟ್ಟು, ನಾಲ್ಕನ್ನು ಸಾಲಾಗಿ ಇಡ್ತಾನೆ. ಮಾತಿಲ್ಲ, ಸನ್ನೆ ಇಲ್ಲ. ಹೊರಗಿದ್ದ ನೀವು ಬಂದು, ಆ ನಾಲ್ಕನ್ನು ನೋಡಿ ಐದನೆಯದನ್ನು ಹೇಳ್ಬೇಕು.

ಇದನ್ನು ಹೆಣೆದದ್ದು ಅಮೆರಿಕದ ಗಣಿತಜ್ಞ ಫಿಚ್ ಚೀನಿ. 1950ರಲ್ಲಿ ವಾಲೇಸ್ ಲೀ ಅವರ ಪುಸ್ತಕದಲ್ಲಿ ಅಚ್ಚಾಯ್ತು.

ಲೆಕ್ಕ ಹಾಕಿದ್ರೆ ಆಗದ ಕೆಲಸ ಅನ್ಸುತ್ತೆ. ನಾಲ್ಕು ಎಲೆಗಳನ್ನು ಜೋಡಿಸೋಕೆ ಇರೋದು 24 ದಾರಿ. ಬಚ್ಚಿಟ್ಟದ್ದು ಮಾತ್ರ ಉಳಿದ 48ರಲ್ಲಿ ಯಾವುದೂ ಆಗಿರಬಹುದು. ಅರ್ಧಕ್ಕರ್ಧ ಕೊರತೆ!

ಆದ್ರೆ ಈ ಲೆಕ್ಕದಲ್ಲಿ ಒಂದು ಬಿಟ್ಟುಹೋಗಿದೆ. ಯಾವ ಎಲೆ ಬಚ್ಚಿಡಬೇಕು ಅಂತ ತೀರ್ಮಾನಿಸೋದು ನಿಮ್ಮ ಜೊತೆಗಾರ, ಪ್ರೇಕ್ಷಕರಲ್ಲ.

ಆಟೀನ್, ಡೈಮನ್, ಕಳಾವರ್, ಇಸ್ಪೀಟ್ ಅಂತ ಗುಂಪು ನಾಲ್ಕೇ, ಎಲೆ ಐದು. ಹಾಗಾಗಿ ಎರಡಾದ್ರೂ ಒಂದೇ ಗುಂಪಿನವು ಇರಲೇಬೇಕು. ಅವುಗಳಲ್ಲಿ ಒಂದನ್ನು ಬಚ್ಚಿಟ್ಟು, ಇನ್ನೊಂದನ್ನು ಸಾಲಿನ ಮೊದಲಿಗೆ ಇಟ್ರೆ ಗುಂಪು ಗೊತ್ತಾಯ್ತು.

ಯಾವುದನ್ನು ಬಚ್ಚಿಡೋದು? ಎಕ್ಕದಿಂದ ರಾಜನವರೆಗಿನ 13 ಎಲೆಗಳನ್ನು ಗಡಿಯಾರದ ಥರ ಸುತ್ತ ಇಟ್ಟುಕೊಳ್ಳಿ. ರಾಜನಾದ ಮೇಲೆ ಮತ್ತೆ ಎಕ್ಕ. ಎರಡರಲ್ಲಿ ಒಂದರಿಂದ ಮುಂದಕ್ಕೆ ಎಣಿಸಿದ್ರೆ, ಆರು ಹೆಜ್ಜೆಯೊಳಗೆ ಇನ್ನೊಂದು ಸಿಕ್ಕೇ ಸಿಗುತ್ತೆ. ಹಾಗೆ ಸಿಗೋದೇ ಬಚ್ಚಿಡಬೇಕಾದ ಎಲೆ.

ಉಳಿದ ಮೂರು ಎಲೆಗಳನ್ನು ಜೋಡಿಸೋಕೆ ಇರೋದೂ ಸರಿಯಾಗಿ ಆರೇ ದಾರಿ! ಚಿಕ್ಕ-ಮಧ್ಯ-ದೊಡ್ಡ ಅಂದ್ರೆ 1. ಚಿಕ್ಕ-ದೊಡ್ಡ-ಮಧ್ಯ 2. ಮಧ್ಯ-ಚಿಕ್ಕ-ದೊಡ್ಡ 3. ಮಧ್ಯ-ದೊಡ್ಡ-ಚಿಕ್ಕ 4. ದೊಡ್ಡ-ಚಿಕ್ಕ-ಮಧ್ಯ 5. ದೊಡ್ಡ-ಮಧ್ಯ-ಚಿಕ್ಕ 6. ಒಂದೇ ಸಂಖ್ಯೆಯ ಎಲೆಗಳು ಬಂದ್ರೆ ಯಾವ ಗುಂಪು ದೊಡ್ಡದು ಅಂತ ಮೊದಲೇ ಮಾತಾಡಿಕೊಂಡಿರಿ.

ಒಂದು ಉದಾಹರಣೆ. ಬಂದಿರೋದು ಆಟೀನ್ 3, ಆಟೀನ್ 8, ಇಸ್ಪೀಟ್ ರಾಜ, ಕಳಾವರ್ 5, ಡೈಮನ್ 9. ಮೂರರಿಂದ ಎಂಟಕ್ಕೆ ಐದು ಹೆಜ್ಜೆ. ಹಾಗಾಗಿ 8ನ್ನು ಬಚ್ಚಿಟ್ಟು ಆಟೀನ್ 3, ರಾಜ, 5, 9 ಅಂತ ಸಾಲಾಗಿ ಇಡ್ತಾನೆ. ದೊಡ್ಡ-ಚಿಕ್ಕ-ಮಧ್ಯ, ಅಂದ್ರೆ 5. ಮೂರಕ್ಕೆ ಐದು ಸೇರಿಸಿ: ಆಟೀನ್ 8!

ಹತ್ತಿಪ್ಪತ್ತು ಸಲ ಅಭ್ಯಾಸ ಮಾಡಿ. ಜೊತೆಗಾರ ಎಲೆ ಹಿಡ್ಕೊಂಡು ಯೋಚಿಸ್ತಾ ನಿಂತ್ರೆ ಜನಕ್ಕೆ ಅನುಮಾನ ಬರುತ್ತೆ.

ಇನ್ನೊಂದು ವಿಷಯ. ಬೇರೆ ಥರದ ಸಂಕೇತ ಮಾಡಿಕೊಂಡ್ರೆ ಇದೇ ಆಟ 124 ಎಲೆಗಳ ಪ್ಯಾಕಿನಲ್ಲೂ ನಡೆಯುತ್ತೆ, ಅದೇ ಮಿತಿ ಅಂತ ಗಣಿತ ಹೇಳುತ್ತೆ. 52ಕ್ಕೇ ಆಗಲ್ಲ ಅನ್ಸಿತ್ತಲ್ವಾ? ಯಾವುದನ್ನಾದ್ರೂ ಆಗಲ್ಲ ಅನ್ನೋ ಮೊದಲು, ನಮ್ಮ ಕೈಯಲ್ಲಿರೋ ಆಯ್ಕೆಗಳನ್ನೆಲ್ಲ ಎಣಿಸಿದ್ದೀವಾ ಅಂತ ಒಮ್ಮೆ ನೋಡ್ಕೊಳ್ಳೋಣ. ಮುಂದಿನ ವಾರ ಸಿಗೋಣ.