ಅಳಿಸಿಹೋದ ಹಡಗುಗಳು

ಸಮುದ್ರದ ಚಿತ್ರ ಬರೆಯಲು ಯಾರಿಗೇ ಹೇಳಿ ನೋಡಿ, ನೀರಿನ ಗೆರೆ ಎಳೆದು ಅದರ ಮೇಲೊಂದು ಹಡಗು ಕೂರಿಸದೆ ಅವರಿಗೆ ಸಮಾಧಾನವಿಲ್ಲ. ಬರೀ ನೀರು, ಬರೀ ಆಕಾಶದಲ್ಲಿ ಕಣ್ಣು ನಿಲ್ಲುವುದೆಲ್ಲಿ? ಹಡಗು ಬಂದರೆ ಅಲ್ಲಿಗೆ ಮನುಷ್ಯ ಬಂದ ಹಾಗೆ. ಎಲ್ಲಿಂದ ಹೊರಟ, ಯಾವ ದಡ ಸೇರುತ್ತಾನೆ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ಸಂಸಾರಸಾಗರ, ಬಾಳದೋಣಿ ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ರೈಸ್ತರಲ್ಲೂ ಲಂಗರು ಭರವಸೆಯ ಗುರುತು.

ಈ ಸಂಕೇತವನ್ನು ನಿಸರ್ಗಚಿತ್ರದೊಳಗೆ ಆಳವಾಗಿ ದುಡಿಸಿಕೊಂಡವನು ಜರ್ಮನಿಯ ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಕ್. 1774ರಲ್ಲಿ ಅವನು ಹುಟ್ಟಿದ್ದು ಬಾಲ್ಟಿಕ್ ಸಮುದ್ರಕ್ಕೆ ಹತ್ತಿರದ ಗ್ರೈಫ್ಸ್‌ವಾಲ್ಡ್ ಪಟ್ಟಣದಲ್ಲಿ. ಆಗ ಅದು ಸ್ವೀಡನ್ ಆಡಳಿತದಲ್ಲಿತ್ತು. 13ನೇ ವಯಸ್ಸಿನಲ್ಲಿ ತಮ್ಮ ನೀರುಪಾಲಾದದ್ದನ್ನು ಕಂಡವನು. ನೀರು ಅವನಿಗೆ ಬರೀ ಸೊಬಗಾಗಿ ಉಳಿಯಲಿಲ್ಲ.

1835ರ ಸುಮಾರಿನ ‘ಜೀವನದ ಹಂತಗಳು’ ಈಗ ಲೈಪ್‌ಜಿಗ್‌ನಲ್ಲಿದೆ. ಹೆಸರು ಅವನಿಟ್ಟದ್ದಲ್ಲ. ಸಂಜೆಯ ದಡದಲ್ಲಿ ಐವರು: ನಮಗೆ ಬೆನ್ನು ಮಾಡಿದ ಕೋಲು ಹಿಡಿದ ಮುದುಕ, ಎತ್ತರದ ಟೋಪಿ ಧರಿಸಿದವನೊಬ್ಬ, ಒಬ್ಬ ಯುವತಿ, ಸ್ವೀಡನ್ನಿನ ಪುಟ್ಟ ಬಾವುಟದೊಡನೆ ಆಡುವ ಇಬ್ಬರು ಮಕ್ಕಳು. ನೀರಿನ ಮೇಲೂ ಐದೇ ಹಡಗು. ದಡದ ಹತ್ತಿರದ ಎರಡು ಪುಟ್ಟ ದೋಣಿ ಮಕ್ಕಳವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮುದುಕನ ಹಡಗು ಯಾವುದೆಂಬ ಬಗ್ಗೆ ಮಾತ್ರ ಪಂಡಿತರಲ್ಲಿ ಒಮ್ಮತವಿಲ್ಲ. ಒಂದೊಂದು ಹಡಗಿಗೂ ಹೆಸರುಚೀಟಿ ಅಂಟಿಸುವ ಹಟವೂ ಬೇಕಿಲ್ಲ. ಮುದುಕ ಚಿತ್ರಕಾರನೇ ಎಂದು ಹಲವರು ನಂಬುತ್ತಾರೆ. 1835ರಲ್ಲೇ ಅವನಿಗೆ ಪಾರ್ಶ್ವವಾಯು ಬಡಿದಿತ್ತು.

ಇನ್ನು ಇದಕ್ಕೂ 25 ವರ್ಷ ಹಿಂದಿನ ‘ಕಡಲ ತಡಿಯ ಸನ್ಯಾಸಿ’ಯನ್ನು ನೋಡಿ. ಕೆಳಗೆ ಸಣ್ಣ ಮರಳಪಟ್ಟಿ, ಕಪ್ಪು ನೀರಿನದೊಂದು ಪಟ್ಟೆ, ಉಳಿದದ್ದೆಲ್ಲ ಆಕಾಶ. ನಡುವೆ ಬೆರಳುದ್ದದ ಒಬ್ಬ ಸನ್ಯಾಸಿ. ಎಲ್ಲೂ ಹಡಗಿಲ್ಲ. ಆದರೆ ಇನ್‌ಫ್ರಾರೆಡ್ ಕಿರಣ ಹಾಯಿಸಿ ಪರೀಕ್ಷಿಸಿದಾಗ ಬಣ್ಣದಡಿ ಕಂಡದ್ದು ಹಾಯಿಹಡಗುಗಳ ರೇಖೆ! ಫ್ರೀಡ್ರಿಕ್ ಮೊದಲು ಹಡಗು ಬರೆದೇ ಇದ್ದ, ಆಮೇಲೆ ಮುಚ್ಚಿದ. ಅವು ಇದ್ದಿದ್ದರೆ ಸನ್ಯಾಸಿ ಯಾರನ್ನೋ ಬೀಳ್ಕೊಡುತ್ತಿದ್ದಾನೆ, ಇಲ್ಲವೇ ಯಾರಿಗೋ ಕಾಯುತ್ತಿದ್ದಾನೆ ಎಂದು ನೋಡುವವರು ಒಂದು ಕಥೆ ಕಟ್ಟಿಕೊಳ್ಳುತ್ತಿದ್ದರು. ಅವು ಹೋದ ಮೇಲೆ ಬರುವವರೂ ಇಲ್ಲ, ಕರೆದೊಯ್ಯುವವರೂ ಇಲ್ಲ. ಎದುರಿಗಿರುವುದು ಕೊನೆಯಿಲ್ಲದ ಬಯಲೊಂದೇ.

1810ರಲ್ಲಿ ಬರ್ಲಿನ್ ಅಕಾಡೆಮಿಯ ಪ್ರದರ್ಶನದಲ್ಲಿ ಇದನ್ನು ಕಂಡವರು ತಬ್ಬಿಬ್ಬಾದರು. 15ರ ಹರೆಯದ ಯುವರಾಜ ಮಾತ್ರ ಪಟ್ಟು ಹಿಡಿದ. ಅವನ ತಂದೆ, ಪ್ರಷ್ಯದ ದೊರೆ, ಅದನ್ನು ಕೊಂಡುಕೊಂಡ.