‘ರೈಟರು’ ಎಂಬ ಮಾತು



ಬಾಳ್ಳುಪೇಟೆಯ ಸುತ್ತಲಿನ ಕಾಫಿ ತೋಟಗಳಲ್ಲಿ ‘ರೈಟರು’ ಎಂಬ ಮಾತನ್ನು ಕೇಳದವರಿಲ್ಲ. ಆಳುಗಳ ಹಾಜರಿ ಹಿಡಿಯುವವರು, ಬಟವಾಡೆಯ ಲೆಕ್ಕ ಬರೆಯುವವರು ಅವರೇ. ಇಂದು ಇಂಗ್ಲಿಷಿನಲ್ಲಿ ಈ ಪದವನ್ನು ಕೇಳಿದೊಡನೆ ಸಾಹಿತಿಯ ನೆನಪಾಗುತ್ತದೆ. ನಮ್ಮ ತೋಟಗಳಲ್ಲಾದರೋ ಗುಮಾಸ್ತನೆಂಬ ಹಳೆಯ ಬಳಕೆಯೇ ಉಳಿದುಬಂದಿದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ‘ರೈಟರ್’ ಎಂಬುದು ಕಿರಿಯ ದರ್ಜೆಯ ನೌಕರನ ಹುದ್ದೆ; ಅವನ ಮೇಲೆ ‘ಫ್ಯಾಕ್ಟರ್’, ಅವನಿಗೂ ಮೇಲೆ ವರ್ತಕರು. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ ಅವರ ಹೆಸರನ್ನೇ ಹೊತ್ತು ನಿಂತಿದೆ.

ಪದದ ಬೇರು ಇನ್ನೂ ಆಳದಲ್ಲಿದೆ. ಹಳೆಯ ಇಂಗ್ಲಿಷಿನ ‘ವ್ರೀಟನ್’ ಎಂಬ ಧಾತುವಿಗೆ ಗೀರು, ಕೊರೆ, ಕೆತ್ತು ಎಂದು ಅರ್ಥ. ಅದರ ಬಂಧುವಾದ ಜರ್ಮನ್ ಪದ ‘ರೈಸನ್’ಗೆ ಹರಿ, ಸೀಳು ಎಂಬ ಅರ್ಥ ಇಂದಿಗೂ ಇದೆ. ನಮ್ಮ ‘ಬರೆ’ಯನ್ನೇ ನೋಡಿರಿ. ಅಕ್ಷರ ಮೂಡಿಸುವುದೂ ಬರೆ, ಗೆರೆಯೂ ಬರೆ, ಕಾದ ಕಬ್ಬಿಣದ ಗುರುತೂ ಬರೆ. ನಮ್ಮದೇ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆನ್ನಲಾದ ಶಾಸನವೂ ಕಲ್ಲಿನಲ್ಲಿ ಕೊರೆದ ಕನ್ನಡವೇ. ಬರೆಯುವುದೆಂದರೆ ಸುಲಭವಾಗಿ ಅಳಿಯದ ಗುರುತು ಮಾಡುವುದು.

ಈ ಅರ್ಥವನ್ನು ತೋಟದ ಕೂಲಿಕಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ದಿನವಿಡೀ ಮಳೆಯಲ್ಲಿ ನೆನೆದು ದುಡಿದ ತಾಯಿಯ ಹೆಸರು ಹಾಜರಿ ಪುಸ್ತಕದಿಂದ ತಪ್ಪಿಹೋದರೆ ಆ ದಿನದ ಕೂಲಿಗೆ ಸಂಚಕಾರ. ಓದಲು ಬಾರದವಳು ತಪ್ಪನ್ನು ತೋರಿಸುವುದಾದರೂ ಹೇಗೆ? ಲೇಖನಿ ಹಿಡಿದವನಿಗೆ ಅದು ಒಂದು ಗೀಟು. ಅವಳಿಗೆ ಒಂದು ಹೊತ್ತಿನ ಗಂಜಿ.

ಧರ್ಮಕೇಂದ್ರದಲ್ಲಿಯೂ ಬರೆಯುವ ಪುಸ್ತಕಗಳಿವೆ. ಜ್ಞಾನಸ್ನಾನ, ವಿವಾಹಗಳನ್ನು ದಾಖಲಿಸಿಡಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ವಿಧಿಸಿತು. ಆ ಪುಸ್ತಕದಲ್ಲಿ ಧಣಿಯ ಮಗುವಿಗೂ ಆಳಿನ ಮಗುವಿಗೂ ಸ್ಥಾನ ಸಮಾನ. ಹೊಲ, ಮನೆ, ಪತ್ರ ಯಾವುದೂ ಇಲ್ಲದ ಬಡವನಿಗೆ ತಾನು ಹುಟ್ಟಿದ್ದಕ್ಕೆ ಅದೇ ಸಾಕ್ಷಿಯಾದುದುಂಟು.

ಯುವಜನರೇ, ತೋಟದ ಲೈನುಗಳಲ್ಲಿ ಹುಟ್ಟಿದ ಮಕ್ಕಳು ಇಂದು ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ಬರೆಯುವ ಸ್ಥಾನಕ್ಕೆ ಬಂದಿರುವುದು ಸಂತೋಷದ ಸಂಗತಿ. ಲೇಖನಿಯ ಬದಲು ಕಂಪ್ಯೂಟರ್ ಬಂದಿರಬಹುದು. ಹೊಣೆ ಮಾತ್ರ ಹಗುರವಾಗಿಲ್ಲ. ಎದುರಿಗೆ ನಿಂತವರ ಹೆಸರನ್ನು ಸರಿಯಾಗಿ ಕೇಳಿರಿ. ಬರೆದದ್ದನ್ನು ಅವರಿಗೆ ಓದಿ ಹೇಳಿರಿ. ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿರಿ. ನಿಮ್ಮ ಬರಹ ಯಾರ ಬದುಕಿಗೂ ಬರೆಯಾಗದಿರಲಿ.